ಚಾಂಪಿಯನ್ ಆದವರು ಮೇಲೆ ಹೋಗಲೇಬೇಕು

ಸ್ವಲ್ಪ ಉದ್ದದ ಪೋಸ್ಟ್ ಇದು. ಫುಟ್‌ಬಾಲ್ ಅಂದ್ರೆ ಅಷ್ಟಕ್ಕಷ್ಟೇ ಅನ್ನುವವರೂ ದಯವಿಟ್ಟು ಓದಿ.

ನಾನು ಲೈಪ್‌ಜಿಗ್‌ಗೆ ಬಂದು ಎಂಟು ವರ್ಷವಾಯಿತು. ಊರಿನಿಂದ ಫೋನ್ ಮಾಡುವ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆ, "ಬುಂಡೆಸ್‌ಲೀಗಾ ಮ್ಯಾಚ್ ನೋಡಿದ್ಯೇನೋ?" ನೋಡಿದ್ದೇನೆ, ಜರ್ಮನಿಯ ಮೊದಲ ಹಂತದ ಲೀಗ್ ಅದು, ಚೆನ್ನಾಗಿರುತ್ತದೆ. ಆದರೆ ನನ್ನ ಜೀವ ಇರುವುದು ನಾಲ್ಕನೇ ಹಂತದ ಲೀಗಿನಲ್ಲಿ. ಅದರ ಹೆಸರು ರೆಗಿಯೊನಾಲ್‌ಲೀಗಾ ನಾರ್ಡ್‌ಓಸ್ಟ್. ಅಂದರೆ ಈಶಾನ್ಯ ಪ್ರಾದೇಶಿಕ ಲೀಗ್. ಬರ್ಲಿನ್ ಮತ್ತು ಹಳೆಯ ಪೂರ್ವ ಜರ್ಮನಿಯ ರಾಜ್ಯಗಳ ತಂಡಗಳು ಇಲ್ಲಿ ಆಡುತ್ತವೆ. ಜರ್ಮನಿಯಲ್ಲಿ ಮೇಲಿನ ಮೂರು ಲೀಗ್‌ಗಳನ್ನಷ್ಟೇ ವೃತ್ತಿಪರ ಅನ್ನುತ್ತಾರೆ. ನಾಲ್ಕನೆಯದರಿಂದ ಕೆಳಗಿನದೆಲ್ಲ ಅಮೆಚೂರ್ ಲೆಕ್ಕ.

ಈ ಲೀಗಿನಲ್ಲಿ ಯಾರ್‍ಯಾರು ಇದ್ದಾರೆ ಗೊತ್ತಾ? 1979ರಿಂದ 1988ರವರೆಗೆ ಸತತ ಹತ್ತು ಸಲ ಪೂರ್ವ ಜರ್ಮನಿಯ ಚಾಂಪಿಯನ್ ಆದ ಬಿಎಫ್‌ಸಿ ಡೈನಮೊ. 1981ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ಆಡಿದ ಕಾರ್ಲ್ ತ್ಸೈಸ್ ಯೇನಾ. 1987ರಲ್ಲಿ ಅದೇ ಕಪ್ಪಿನ ಫೈನಲ್‌ನಲ್ಲಿ ಅಯಾಕ್ಸ್ ಎದುರು ಒಂದೇ ಒಂದು ಗೋಲಿನಿಂದ ಸೋತ ಲೋಕೊಮೊಟಿವ್ ಲೈಪ್‌ಜಿಗ್. ಆ ಗೋಲು ಹೊಡೆದವನು ವಾನ್ ಬಾಸ್ಟನ್. ಇಂಥ ತಂಡಗಳು ಇವತ್ತು ನಾಲ್ಕನೇ ಲೀಗಿನಲ್ಲಿವೆ.

ಇವುಗಳ ಹೆಸರುಗಳೇ ನನಗೆ ಮೊದಲು ಹಿಡಿಸಿದ್ದು. ಲೋಕೊಮೊಟಿವ್ ಅಂದರೆ ರೈಲ್ವೆಯವರದು, ಚಿಕ್ಕದಾಗಿ ಲೋಕ್ ಅನ್ನುತ್ತಾರೆ. ಲೈಪ್‌ಜಿಗ್‌ನದೇ ಇನ್ನೊಂದು ತಂಡ ಕೆಮಿ, ಅಂದರೆ ರಾಸಾಯನಿಕ ಕಾರ್ಖಾನೆಯವರದು. ಕಾರ್ಲ್ ತ್ಸೈಸ್ ಅಂತೂ ಮಸೂರ, ಸೂಕ್ಷ್ಮದರ್ಶಕ ಮಾಡುವ ಕಂಪನಿಯ ಹೆಸರೇ. ನಮ್ಮಪ್ಪ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿದ್ದರು. ಐಟಿಐ ತಂಡ, ಎಚ್‌ಎಎಲ್ ತಂಡ ಅಂತ ಮಾತಾಡುತ್ತಾ ಊಟ ಮಾಡಿದ ಮನೆ ನಮ್ಮದು. ಶಿಫ್ಟ್ ಮುಗಿಸಿ ಬಂದವರು ಶಿಫ್ಟಿನಲ್ಲಿ ಜೊತೆಗಿದ್ದವನ ಆಟ ನೋಡಲು ಹೋಗುತ್ತಿದ್ದ ಕಾಲ ಅದು. ಲೋಕ್ ಮೈದಾನಕ್ಕೆ ಮೊದಲ ಸಲ ಅಳುಕುತ್ತಲೇ ಹೋದೆ. ಹಳೆಯ ಮರದ ಗ್ಯಾಲರಿಯಲ್ಲಿ ಕೂತ ಮೇಲೆ ಅಪ್ಪನ ನೆನಪು ಬಂತು.

ಪಕ್ಕದಲ್ಲಿ ಕೂತಿದ್ದವರು ಎಪ್ಪತ್ತು ದಾಟಿದ ಹಿರಿಯರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಅವರ ಕೋಟಿನ ಒಳಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರುತ್ತದೆ. ನೀಲಿ ರಟ್ಟು, ಮೂಲೆಗಳಿಗೆ ಅಂಟು ಟೇಪು. ಒಳಗೆ ಒಂದು ಸೀಸನ್‌ಗೆ ಒಂದು ಸಾಲು. ವರ್ಷ, ಲೀಗಿನ ಹೆಸರು, ಕೊನೆಗೆ ಸಿಕ್ಕ ಸ್ಥಾನ. ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಮೊದಲ ಸಾಲು 2004ರದ್ದು. ಅಲ್ಲಿ ಬರೆದಿರುವುದು ಹನ್ನೊಂದನೇ ಹಂತದ ಲೀಗಿನ ಹೆಸರು.

ಹನ್ನೊಂದನೇ ಹಂತ ಅಂದರೆ ಅದಕ್ಕಿಂತ ಕೆಳಗೆ ಹೋಗಲು ಜಾಗವೇ ಇರಲಿಲ್ಲ. ಈ ಕ್ಲಬ್ಬಿನ ಬೇರು ವಿಎಫ್‌ಬಿ ಲೈಪ್‌ಜಿಗ್. 1903ರಲ್ಲಿ ಜರ್ಮನಿಯ ಮೊಟ್ಟಮೊದಲ ಚಾಂಪಿಯನ್ ಆದ ತಂಡ ಅದು. ಬರ್ಲಿನ್ ಗೋಡೆ ಬಿದ್ದ ಮೇಲೆ ಹಳೆಯ ಹೆಸರನ್ನೇ ಮತ್ತೆ ಇಟ್ಟುಕೊಂಡು, 1993ರಲ್ಲಿ ಬುಂಡೆಸ್‌ಲೀಗಾಗೂ ಏರಿತು. ಒಂದೇ ವರ್ಷಕ್ಕೆ ಇಳಿಯಿತು. ಆಮೇಲೆ ಸಾಲ ಏರಿ ದಿವಾಳಿಯಾಯಿತು. ಆಗ ಅಭಿಮಾನಿಗಳೇ ಸೇರಿ ಲೋಕ್ ಹೆಸರಿನಲ್ಲಿ ಕ್ಲಬ್ ಕಟ್ಟಿ, ತೀರಾ ಕೆಳಗಿನ ಲೀಗಿನಿಂದ ಶುರು ಮಾಡಿದರು. ಆ ವರ್ಷ ಪಕ್ಕದ ಊರಿನ ಕ್ಲಬ್ಬೊಂದರ ಎರಡನೇ ತಂಡದ ಎದುರಿನ ಪಂದ್ಯ ನೋಡಲು 12 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹನ್ನೊಂದನೇ ಹಂತದ ಪಂದ್ಯಕ್ಕೆ! ನಮ್ಮ ಹಿರಿಯರೂ ಅಲ್ಲಿದ್ದರು. ಆ ದಿನದ ಬಗ್ಗೆ ಹೇಳುವಾಗ ಈಗಲೂ ಅವರ ದನಿ ಸಣ್ಣಗಾಗುತ್ತದೆ.

ಜರ್ಮನ್ ಫುಟ್‌ಬಾಲಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಇಲ್ಲಿ ಒಂದೇ ಏಣಿ. ಹಳ್ಳಿಯ ತಂಡದಿಂದ ಬಯರ್ನ್ ಮ್ಯೂನಿಕ್‌ವರೆಗೆ ಎಲ್ಲರೂ ಅದೇ ಏಣಿಯ ಮೇಲಿದ್ದಾರೆ. ಗೆದ್ದರೆ ಏರು, ಸೋತರೆ ಇಳಿ. ನಮ್ಮಲ್ಲಿ 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಈ ಏಣಿಯೇ ಇರಲಿಲ್ಲ. ಅದರ ಕೆಳಗಿನ ಐ-ಲೀಗ್ ಗೆದ್ದ ತಂಡ ಮೊದಲ ಸಲ ಮೇಲೆ ಹೋಗಲು 2023 ಬರಬೇಕಾಯಿತು. ಹಾಗಾಗಿ ಏಣಿಯ ಬೆಲೆ ಏನು ಅಂತ ನಮಗೆ ಗೊತ್ತು.

ಆದರೆ ಜರ್ಮನಿಯ ಏಣಿಯಲ್ಲೂ ಒಂದು ಮೆಟ್ಟಿಲು ಮುರಿದಿದೆ. ನಾಲ್ಕರಿಂದ ಮೂರಕ್ಕೆ ಹತ್ತುವ ಕಡೆ.

2012ರಿಂದ ನಾಲ್ಕನೇ ಹಂತದಲ್ಲಿ ಐದು ಪ್ರಾದೇಶಿಕ ಲೀಗ್‌ಗಳಿವೆ. ಉತ್ತರ, ಈಶಾನ್ಯ, ಪಶ್ಚಿಮ, ನೈಋತ್ಯ ಮತ್ತು ಬವೇರಿಯಾ. ಅಂದರೆ ಐದು ಚಾಂಪಿಯನ್‌ಗಳು. ಮೂರನೇ ಲೀಗಿನಲ್ಲಿ ಖಾಲಿಯಾಗುವುದು ನಾಲ್ಕು ಜಾಗ. ಮೊದಮೊದಲು ಮೂರೇ ಇದ್ದವು. ಈಗ ಪಶ್ಚಿಮ ಮತ್ತು ನೈಋತ್ಯದ ಚಾಂಪಿಯನ್‌ಗಳು ಪ್ರತಿ ವರ್ಷ ನೇರವಾಗಿ ಹೋಗುತ್ತಾರೆ. ಉಳಿದ ಮೂರು ಲೀಗ್‌ಗಳಿಗೆ ಸರದಿ. ಒಂದಕ್ಕೆ ನೇರ ಜಾಗ, ಇನ್ನೆರಡರ ಚಾಂಪಿಯನ್‌ಗಳು ತಮ್ಮೊಳಗೆ ಎರಡು ಪಂದ್ಯ ಆಡಿ ಒಬ್ಬರು ಹೋಗಬೇಕು, ಒಬ್ಬರು ಉಳಿಯಬೇಕು.

ಇದು ಹೇಗೆ ನ್ಯಾಯ ಹೇಳಿ? ಇಡೀ ವರ್ಷ 34 ಪಂದ್ಯ ಆಡಿರುತ್ತಾರೆ. ನವೆಂಬರ್ ಚಳಿಯಲ್ಲಿ, ಕೆಸರಿನಲ್ಲಿ ಆಡಿರುತ್ತಾರೆ. ಎಲ್ಲರಿಗಿಂತ ಜಾಸ್ತಿ ಅಂಕ ಗಳಿಸಿರುತ್ತಾರೆ. ಆಮೇಲೆ ಒಂದು ವಾರದಲ್ಲಿ ಎರಡು ಪಂದ್ಯ. ಒಬ್ಬನಿಗೆ ಕೆಂಪು ಕಾರ್ಡ್ ಬಿದ್ದರೆ, ಗೋಲ್‌ಕೀಪರ್‌ಗೆ ಜ್ವರ ಬಂದರೆ ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಲೋಕ್‌ಗೆ ಇದು ಎರಡು ಸಲ ಆಗಿದೆ. 2020ರಲ್ಲಿ ಕೊರೊನಾದಿಂದ ಲೀಗ್ ಅರ್ಧಕ್ಕೆ ನಿಂತಾಗ ಲೋಕ್ ಚಾಂಪಿಯನ್. ಆ ಸಲ ಪಶ್ಚಿಮದ ತಂಡ ಎದುರಾಳಿ. ಅಲ್ಲಿ ಮೊದಲ ಸ್ಥಾನದಲ್ಲಿದ್ದವರು ಮೇಲಿನ ಲೀಗಿಗೆ ಅರ್ಜಿಯನ್ನೇ ಹಾಕಿರಲಿಲ್ಲ, ಹಾಗಾಗಿ ಬಂದದ್ದು ಎರಡನೇ ಸ್ಥಾನದ ಫೆರ್ಲ್. ಮೊದಲ ಪಂದ್ಯ 2-2, ಎರಡನೆಯದು 1-1. ಲೋಕ್ ಒಂದೂ ಸೋಲಲಿಲ್ಲ. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕ ಹಿಡಿದು ಫೆರ್ಲ್ ಮೇಲೆ ಹೋಯಿತು. ಚಾಂಪಿಯನ್ ಆದವರು, ಸೋಲದೆ ಇದ್ದವರು ಕೆಳಗೇ ಉಳಿದರು. ಪಂದ್ಯ ನಡೆದದ್ದು ಖಾಲಿ ಗ್ಯಾಲರಿಗಳ ಮುಂದೆ. ಹಿರಿಯರು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದರಂತೆ.

2025ರಲ್ಲಿ ಲೋಕ್ ಮತ್ತೆ ಚಾಂಪಿಯನ್. ಆ ವರ್ಷ ನೇರ ಜಾಗದ ಸರದಿ ಬವೇರಿಯಾದ್ದು. ಲೋಕ್ ಎದುರು ಬಂದದ್ದು ಉತ್ತರದ ಚಾಂಪಿಯನ್ ಹಾವೆಲ್ಸೆ. ಅಲ್ಲಿ 1-1 ಆಯಿತು. ಇಲ್ಲಿ ನಮ್ಮ ಮೈದಾನ ಕಿಕ್ಕಿರಿದಿತ್ತು. ನಾನೂ ಇದ್ದೆ. 90 ನಿಮಿಷ ಒಂದೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಹಾವೆಲ್ಸೆ ಮೂರು ಹೊಡೆಯಿತು. ಹಾವೆಲ್ಸೆ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅವರೂ ಚಾಂಪಿಯನ್‌ಗಳೇ, ಅವರೂ ಮೇಲೆ ಹೋಗಬೇಕಾದವರೇ. ಅದೇ ಸಂಕಟ ಅಲ್ವಾ? ಇಬ್ಬರಿಗೂ ಹಕ್ಕಿದೆ, ಇಬ್ಬರಲ್ಲಿ ಒಬ್ಬರದನ್ನು ಕಿತ್ತುಕೊಳ್ಳುತ್ತಾರೆ.

"ಪಶ್ಚಿಮದಲ್ಲಿ, ನೈಋತ್ಯದಲ್ಲಿ ತಂಡಗಳು ಜಾಸ್ತಿ, ಅದಕ್ಕೇ ಅವರಿಗೆ ಖಾಯಂ ಜಾಗ" ಅನ್ನುವ ವಾದ ಇದೆ. ಜನ ಜಾಸ್ತಿ ಇರುವ ಕಡೆ ಹೆಚ್ಚು ಲೀಗ್ ಮಾಡಲಿ, ಬೇಡ ಅನ್ನುವವರು ಯಾರು? ಆದರೆ ಲೀಗ್ ಅಂತ ಒಂದು ಮಾಡಿದ ಮೇಲೆ ಅದನ್ನು ಗೆದ್ದವನಿಗೆ ಬಾಗಿಲು ತೆರೆಯಲೇಬೇಕು. ಐದರ ಬದಲು ನಾಲ್ಕು ಲೀಗ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಯಾರ ಲೀಗನ್ನು ಒಡೆಯುವುದು ಅಂದ ಕೂಡಲೇ ಎಲ್ಲರೂ ಹಿಂದೆ ಸರಿಯುತ್ತಾರೆ. ಇನ್ನೊಂದು ದಾರಿ, ಮೂರನೇ ಲೀಗಿನಿಂದ ನಾಲ್ಕರ ಬದಲು ಐದು ತಂಡ ಇಳಿಸುವುದು. ಇಪ್ಪತ್ತರಲ್ಲಿ ಐದು ಅಂದರೆ ಅಲ್ಲಿಯವರು ಹೌಹಾರುತ್ತಾರೆ. ಅವರ ಭಯ ನನಗೂ ಅರ್ಥವಾಗುತ್ತದೆ. ಆದರೂ ನನ್ನ ಮತ ಐದಕ್ಕೇ. ಇಳಿದವರಿಗೆ ಮತ್ತೆ ಗೆದ್ದು ಬರುವ ದಾರಿ ಇರುತ್ತದೆ. ಗೆದ್ದೂ ಹೋಗಲಾಗದವರಿಗೆ ಯಾವ ದಾರಿ ಇದೆ?

ಈಶಾನ್ಯದ ಕ್ಲಬ್ಬುಗಳು 2025ರಲ್ಲಿ ಒಟ್ಟಾಗಿ ಇದಕ್ಕೊಂದು ಅಭಿಯಾನವನ್ನೇ ಶುರು ಮಾಡಿದವು. ಒಬ್ಬರ ಮುಖ ಒಬ್ಬರು ನೋಡದ ಲೋಕ್ ಮತ್ತು ಕೆಮಿ ಅಭಿಮಾನಿಗಳು ಕೂಡ ಈ ಒಂದು ಮಾತಿನಲ್ಲಿ ಒಂದೇ ಕಡೆ. ಈ ಊರಿನಲ್ಲಿ ಅದು ಸುಮ್ನೆ ಆಗುವ ಮಾತಲ್ಲ.

ಜರ್ಮನಿಯಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಬುಂಡೆಸ್‌ಲೀಗಾ ಟಿಕೆಟ್ ಸಿಗಲಿಲ್ಲ ಅಂತ ಬೇಜಾರಾಗಬೇಡಿ. ನಿಮ್ಮೂರಲ್ಲೂ ನಾಲ್ಕನೆಯದೋ ಆರನೆಯದೋ ಲೀಗಿನ ತಂಡ ಇದ್ದೇ ಇರುತ್ತದೆ. ಶನಿವಾರ ಮಧ್ಯಾಹ್ನ ಒಂದು ಸಲ ಹೋಗಿ ನಿಲ್ಲಿ. ನನಗೆ ಭಾಷೆ ಬಂದದ್ದೇ ಆ ಮರದ ಬೆಂಚಿನ ಮೇಲೆ.

ಹಾವೆಲ್ಸೆ ಪಂದ್ಯ ಮುಗಿದ ಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ. ಹಿರಿಯರು ನೋಟ್‌ಬುಕ್ ತೆಗೆದರು. 2025ರ ಸಾಲಿನ ಕೊನೆಯಲ್ಲಿ ಆಗಲೇ 1 ಅಂತ ಬರೆದಿದ್ದರು. ಅದರ ಕೆಳಗೆ ಹೊಸ ಸಾಲಿಗೆ ವರ್ಷ ಹಾಕಿದರು. ಲೀಗಿನ ಹೆಸರಿನ ಜಾಗದಲ್ಲಿ ಮೇಲಿನ ಸಾಲಿನ ಹೆಸರನ್ನೇ ನಿಧಾನವಾಗಿ ಮತ್ತೆ ಬರೆದರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ನನ್ನ ಕಪ್ಪಿಗೆ ಬಗ್ಗಿಸಿದರು.