ಜೈಲು ಕಂಡ ಪಾದ್ರಿ ಸರ್ಕಾರಿ ಕುರ್ಚಿಯಲ್ಲಿ ಕೂರಬೇಕಿತ್ತಾ?

ಪರ

ಸ್ವಾಟೊಪ್ಲುಕ್ ಕರಾಸೆಕ್ (1942–2020) ಝೆಕ್ ರಾಜಧಾನಿ ಪ್ರಾಗ್‌ನಲ್ಲಿ ಹುಟ್ಟಿದ ಪ್ರೊಟೆಸ್ಟೆಂಟ್ ಪಾದ್ರಿ. ಕಮ್ಯುನಿಸ್ಟರ ಕಾಲದಲ್ಲಿ ಸರ್ಕಾರದ ಒಪ್ಪಿಗೆ ಇಲ್ಲದೆ ಅಲ್ಲಿ ಯಾರೂ ಪಾದ್ರಿಯಾಗಿ ಕೆಲಸ ಮಾಡುವ ಹಾಗಿರಲಿಲ್ಲ. ಕರಾಸೆಕ್ ಅವರಿಂದ ಆ ಒಪ್ಪಿಗೆಯನ್ನೇ ಕಿತ್ತುಕೊಂಡರು. ಅವರು ಸುಮ್ಮನಾಗಲಿಲ್ಲ, ಗಿಟಾರ್ ಹಿಡಿದು ಹಾಡಿದರು. ಅಮೆರಿಕದ ಕಪ್ಪು ಜನರ ಭಕ್ತಿಗೀತೆಗಳ ಧಾಟಿ, ಝೆಕ್ ಮಾತು. ಸೈತಾನನಿಗೆ 'ಇಲ್ಲ' ಅನ್ನು ಎಂಬ ಹಾಡು ಎಲ್ಲರ ಬಾಯಲ್ಲಿ ಉಳಿಯಿತು.

1976ರಲ್ಲಿ ಸರ್ಕಾರಕ್ಕೆ ಹಿಡಿಸದ 'ಪ್ಲಾಸ್ಟಿಕ್ ಪೀಪಲ್' ಎಂಬ ರಾಕ್ ಬ್ಯಾಂಡಿನ ಗೆಳೆಯರ ಜೊತೆ ಅವರನ್ನೂ ಕಟಕಟೆಗೆ ನಿಲ್ಲಿಸಿದರು. ಆರೋಪ ಏನು ಗೊತ್ತಾ? ಪುಂಡಾಟಿಕೆ! ಎಂಟು ತಿಂಗಳ ಶಿಕ್ಷೆಯಾಯಿತು. ಆ ಮೊಕದ್ದಮೆ ಹೊತ್ತಿಸಿದ ಸಿಟ್ಟಿನಿಂದಲೇ ಚಾರ್ಟರ್ 77, ಅಂದರೆ ಮಾನವ ಹಕ್ಕುಗಳನ್ನು ಗೌರವಿಸಿ ಅಂತ ಸರ್ಕಾರವನ್ನು ಕೇಳಿದ ಮನವಿ, ಹುಟ್ಟಿತು. ಅದಕ್ಕೂ ಅವರು ಸಹಿ ಹಾಕಿದರು. ಕೊನೆಗೆ ರಹಸ್ಯ ಪೊಲೀಸರ ಕಾಟ ತಾಳದೆ 1980ರಲ್ಲಿ ಸ್ವಿಟ್ಜರ್ಲೆಂಡ್ ಸೇರಿದರು.

ಕಮ್ಯುನಿಸ್ಟರ ಆಡಳಿತ ಬಿದ್ದ ಮೇಲೆ ಮರಳಿ ಬಂದು 2002ರಲ್ಲಿ ಸಂಸದರಾದರು. 2004ರಿಂದ 2006ರವರೆಗೆ ಸರ್ಕಾರದ ಮಾನವ ಹಕ್ಕು ಆಯುಕ್ತರಾಗಿದ್ದರು. ಮಂತ್ರಿ ಪದವಿಯಲ್ಲ, ಆದರೂ ಮಂತ್ರಿಗಳ ಕಿವಿಗೆ ಹತ್ತಿರದ ಜಾಗ. ಹಾಡಿದ್ದಕ್ಕೆ ಜೈಲಿಗೆ ಹೋದವರಿಗೆ ಹಕ್ಕು ಅಂದರೇನು ಅಂತ ಯಾರೂ ಪಾಠ ಮಾಡಬೇಕಿಲ್ಲ, ಅಲ್ವಾ? ಅಂಥವರು ಒಳಗಿರದಿದ್ದರೆ ಆ ಜಾಗಕ್ಕೆ ಫೈಲು ತಿರುವುವವರಷ್ಟೇ ಬರುತ್ತಿದ್ದರು.

ವಿರೋಧ

ಅವರ ಮೇಲೆ ನನಗೆ ಗೌರವ ಜಾಸ್ತಿಯೇ ಇದೆ. ಅದಕ್ಕೇ ಈ ಬೇಸರ.

ಜುಲೈ 2005. ಮ್ಲಿನೆಟ್ಸ್ ಎಂಬ ಹಳ್ಳಿಯ ಬಯಲಲ್ಲಿ ಸಾವಿರಾರು ಹುಡುಗ ಹುಡುಗಿಯರು ಟೆಕ್ನೋ ಸಂಗೀತಕ್ಕೆ ಸೇರಿದ್ದರು. ಪೊಲೀಸರು ಅಶ್ರುವಾಯು, ಜಲಫಿರಂಗಿ ಹಿಡಿದು ನುಗ್ಗಿದರು. ತುಂಬಾ ಜನಕ್ಕೆ ಗಾಯವಾಯಿತು. ಪ್ರಧಾನಿ ಯಿರ್ಜಿ ಪಾರೌಬೆಕ್ ಪೊಲೀಸರ ಪರ ನಿಂತರು. 1976ನ್ನು ಕಂಡವರಿಗೆ ಇದೆಷ್ಟು ಚುಚ್ಚಿರಬೇಕು! ಆದರೆ ಆಯುಕ್ತರ ಕೈಯಲ್ಲಿ ಪೊಲೀಸರಿಗೆ ಆದೇಶ ಕೊಡುವ ಅಧಿಕಾರ ಇರಲಿಲ್ಲ. ಅವರ ಪಕ್ಷವೂ ಅದೇ ಸರ್ಕಾರದಲ್ಲಿತ್ತು. 200 ಸ್ಥಾನಗಳ ಸದನದಲ್ಲಿ ಆ ಮೈತ್ರಿಕೂಟಕ್ಕೆ ಇದ್ದದ್ದು ಬರೀ 101. ಒಬ್ಬರು ಮುನಿಸಿಕೊಂಡರೂ ಬಹುಮತ ಹೋಗುತ್ತಿತ್ತು.

ಲೇಟಿ ಊರಿನ ಕಥೆಯೂ ಇದೆ. ಎರಡನೇ ಮಹಾಯುದ್ಧದಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ (ಜಿಪ್ಸಿ) ಜನರನ್ನು ಕೂಡಿಹಾಕಿದ್ದ ಶಿಬಿರದ ನೆಲದ ಮೇಲೆ ಹಂದಿ ಸಾಕಣೆ ನಡೆಯುತ್ತಿತ್ತು. ಅವರ ಅವಧಿ ಮುಗಿದಾಗಲೂ ಹಂದಿಗಳು ಅಲ್ಲೇ ಇದ್ದವು. ಸರ್ಕಾರ ಅದನ್ನು ಕೊಳ್ಳಲು ಒಪ್ಪಿದ್ದು 2017ರಲ್ಲಿ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ರೋಮಾ ಹೆಂಗಸರಿಗೆ ಸರ್ಕಾರ ವಿಷಾದ ಹೇಳಿದ್ದೂ 2009ರಲ್ಲಿ.

ಗಿಟಾರ್ ಹಿಡಿದಿದ್ದಾಗ ಅವರು ಯಾರ ಬಹುಮತವನ್ನೂ ಎಣಿಸಬೇಕಿರಲಿಲ್ಲ.