ಒಳಗೆ ನಾನು, ಹೊರಗೆ ಮನೆಯವರು

ಡಾಕ್ಟರ್ ನನ್ನ ಕಾಯಿಲೆಯ ಹೆಸರು ಹೇಳಿದಾಗ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ನನಗೆ ಆಗ 26. ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಒಂದು ಹಾಳೆ ಮೇಲೆ ಕರುಳಿನ ಚಿತ್ರ ಬರೆದರು. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಪೆನ್ನಿನಿಂದ ಗೀಚಿ, "ನಿಮಗೆ ಕ್ರೋನ್ಸ್ ಇರೋದು ಇಲ್ಲಿ" ಅಂದರು. ಕರುಳಿನಲ್ಲಿ ಉರಿಯೂತ, ಅಂದರೆ ಬಾವು, ಹುಣ್ಣು ಆಗುತ್ತಲೇ ಇರುವ ಕಾಯಿಲೆ ಅದು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿ ಇಡಬಹುದು ಅಂತಲೂ ಹೇಳಿದರು. ಮುಖ ನೋಡಿ ಹೇಳಿದರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಊರಿನಲ್ಲಿ ಇದ್ದಾಗ ನನ್ನ ಹೊಟ್ಟೆಯ ವಿಷಯ ನನಗಿಂತ ಜಾಸ್ತಿ ಗೊತ್ತಿದ್ದದ್ದು ಮನೆಯವರಿಗೆ. 23ರಲ್ಲೇ ನೋವು ಶುರುವಾಗಿತ್ತು. ತೂಕ ಇಳಿಯುತ್ತಿತ್ತು, ಸಂಜೆಯಾದರೆ ಮೈ ಬಿಸಿ. ಆಸ್ಪತ್ರೆಯಲ್ಲಿ ಮಾತ್ರ "ತಂದೆಯವರು ಒಳಗೆ ಬನ್ನಿ" ಅನ್ನುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ. ಅಪ್ಪ ಹೊರಗೆ ಬಂದು "ಏನೂ ಇಲ್ಲ ಕಣೋ, ಸ್ವಲ್ಪ ಹುಣ್ಣಾಗಿದೆಯಂತೆ" ಅನ್ನುತ್ತಿದ್ದರು. ಆರು ತಿಂಗಳು ನುಂಗಿದ್ದು ಟಿ.ಬಿ. ಮಾತ್ರೆ ಅಂತ ನನಗೆ ಗೊತ್ತಾಗಿದ್ದು ಅದರ ಮೇಲಿನ ಹೆಸರು ಓದಿ.

ಟಿ.ಬಿ. ಅಂದುಕೊಂಡದ್ದಕ್ಕೆ ಆ ಡಾಕ್ಟರನ್ನು ನಾನು ದೂರುವುದಿಲ್ಲ. ಕರುಳಿನ ಟಿ.ಬಿ., ಕ್ರೋನ್ಸ್ ಎರಡೂ ಹೆಚ್ಚಾಗಿ ಬರುವುದು ಕರುಳಿನ ಅದೇ ಜಾಗದಲ್ಲಿ. ಎರಡರಲ್ಲೂ ಹುಣ್ಣು, ಎರಡರಲ್ಲೂ ಜ್ವರ. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಎಷ್ಟೋ ಸಲ ಒಂದೇ ಥರ ಕಾಣುತ್ತದೆ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಜೊತೆಗಾರರು ಕ್ರೋನ್ಸ್ ಅನ್ನು ಬೇರೆಯೇ ಕಾಯಿಲೆ ಅಂತ ವಿವರಿಸಿ ಬರೆದರು. ಇಷ್ಟು ವರ್ಷದ ಮೇಲೂ, ಟಿ.ಬಿ. ಜಾಸ್ತಿ ಇರುವ ಕಡೆ ಎರಡನ್ನೂ ಬಿಡಿಸಿ ನೋಡುವುದು ಕಷ್ಟವೇ. ಈಗ ನಾನು ತೆಗೆದುಕೊಳ್ಳುವ ಇಂಜೆಕ್ಷನ್ ಶುರು ಮಾಡುವ ಮೊದಲೂ ಟಿ.ಬಿ. ಪರೀಕ್ಷೆ ಮಾಡಿದರು. ಮೈಯಲ್ಲಿ ಮಲಗಿರುವ ಟಿ.ಬಿ.ಯನ್ನು ಆ ಔಷಧಿ ಎಬ್ಬಿಸಿಬಿಡಬಹುದು.

ನನ್ನ ತಕರಾರು ಬೇರೆ. ನನಗೆ ಹೇಳಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ಇಲ್ಲಿ ನರ್ಸ್ ಕೂರಿಸಿಕೊಂಡು ಕೇಳಿದರು. ದಿನಕ್ಕೆ ಎಷ್ಟು ಸಲ ಹೋಗ್ತೀರಾ? ನೀರಾಗಿ ಹೋಗುತ್ತಾ? ರಕ್ತ ಇರುತ್ತಾ? ರಾತ್ರಿ ನಿದ್ದೆಯಿಂದ ಎದ್ದು ಓಡಬೇಕಾಗುತ್ತಾ? ನಾನು ನೆಲ ನೋಡಿಕೊಂಡು ಉತ್ತರ ಕೊಟ್ಟೆ. ಅವರು ಸುಮ್ನೆ ಬರೆದುಕೊಳ್ಳುತ್ತಾ ಹೋದರು. ಕೊನೆಯ ಪ್ರಶ್ನೆಗೆ ಎಷ್ಟು ತೂಕ ಇದೆ ಅಂತ ಆಮೇಲೆ ತಿಳಿಯಿತು. ಟೆನ್ಷನ್‌ಗೆ ಕೆಡುವ ಹೊಟ್ಟೆ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ನಾನು ಮೂರು ವರ್ಷ ರಾತ್ರಿ ಎರಡಕ್ಕೆ ಎದ್ದು ಹೋಗುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಬಾಗಿಲಿನ ಸದ್ದು ಕೇಳುತ್ತಿತ್ತು. ಒಬ್ಬರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾಚಿಕೆ.

ಮುಚ್ಚಿಟ್ಟರೆ ಇನ್ನೊಂದು ಅಪಾಯ ಇದೆ. "ಏನೂ ಇಲ್ಲ" ಅನ್ನಿಸಿಕೊಂಡ ಹುಡುಗ, ನೋವು ನಿಂತ ದಿನವೇ ಮಾತ್ರೆ ಬಿಡುತ್ತಾನೆ. ಕ್ರೋನ್ಸ್‌ನಲ್ಲಿ ನೋವು ನಿಂತರೂ ಒಳಗೆ ಉರಿಯೂತ ಸದ್ದಿಲ್ಲದೆ ಇರಬಹುದು. ಹಾಗೇ ವರ್ಷಗಟ್ಟಲೆ ಬಿಟ್ಟರೆ ಕರುಳು ಸಂಕುಚಿತವಾಗಿ ಆಪರೇಷನ್‌ವರೆಗೂ ಹೋಗಬಹುದು. ಅದಕ್ಕೇ ಚೆನ್ನಾಗಿದ್ದೀನಿ ಅನ್ನಿಸಿದಾಗಲೂ ಕರುಳಿನ ಉರಿಯೂತ ತೋರಿಸುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುತ್ತಾರೆ. ಈ ಕಾಯಿಲೆ ಹೆಚ್ಚಾಗಿ ಗೊತ್ತಾಗುವುದು ಹದಿನೈದರಿಂದ ಮೂವತ್ತೈದರ ಒಳಗೆ. ಓದು, ಕೆಲಸ, ಮದುವೆ ಎಲ್ಲ ಎದುರಿಗೆ ಇರುವ ವಯಸ್ಸು. ಇಡೀ ಜೀವಮಾನ ಇದರ ಜೊತೆ ಬಾಳಬೇಕಾದವನನ್ನು ಬೆಂಚಿನ ಮೇಲೆ ಕೂರಿಸಬಾರದು.

ಹಾಗಂತ ಇಲ್ಲಿನದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ದಿನ ಗೊತ್ತು ಮಾಡುವಾಗ ಕೇಳಿದರು, "ಜೊತೆಗೆ ಯಾರು ಬರ್ತಾರೆ?" ಮಂಪರು ಬರಿಸುವುದರಿಂದ ಒಬ್ಬನೇ ಮನೆಗೆ ಹೋಗುವ ಹಾಗಿಲ್ಲ. ಟ್ಯಾಕ್ಸಿಯಲ್ಲಿ ಹೋಗ್ತೀನಿ ಅಂದರೆ ಒಪ್ಪಲಿಲ್ಲ, ದೊಡ್ಡವರೊಬ್ಬರು ಬಂದು ಕರೆದುಕೊಂಡು ಹೋಗಬೇಕು. ನನಗೆ ಒಂದು ಹೆಸರೂ ಹೊಳೆಯಲಿಲ್ಲ. ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಎರಡು ಸಲ ನೋಡಿದೆ. ನನ್ನ ಒಪ್ಪಿಗೆ ಇಲ್ಲದೆ ನನ್ನ ಅಣ್ಣನಿಗೂ ವಿಷಯ ಹೇಳದ ಆಸ್ಪತ್ರೆ ಅದು. ಆ ಗುಟ್ಟು ನನಗೆ ಹಿಡಿಸಿತ್ತು. ಅದರ ಜೊತೆಗೆ ಎಂಥಾ ಒಂಟಿತನ ಬರುತ್ತೆ ಅಂತ ಅವತ್ತು ಗೊತ್ತಾಯ್ತು. ಊರಲ್ಲಾಗಿದ್ದರೆ ನಾಲ್ಕು ಜನ ರಜೆ ಹಾಕಿ ಬರುತ್ತಿದ್ದರು.

ಕೊನೆಗೆ ಆಫೀಸಿನಲ್ಲಿ ಪಕ್ಕ ಕೂರುವವನಿಗೆ ಹೇಳಿದೆ. ಯಾವ ಪರೀಕ್ಷೆ, ಯಾಕೆ, ಎಲ್ಲ. ಅವನು "ಎಷ್ಟು ಗಂಟೆಗೆ ಬರಲಿ?" ಅಂತಷ್ಟೇ ಕೇಳಿದ.

ಬಾಯಿ ಬಿಟ್ಟು ಹೇಳಿದ್ದರಿಂದ ಬದಲಾವಣೆ ಬಂದದ್ದಕ್ಕೆ ಇಲ್ಲಿ ಒಂದು ಕಾನೂನೇ ಇದೆ. ಆ್ಯಲಿ ಬೇನ್ ಅನ್ನುವ ಹುಡುಗಿಗೆ ಕ್ರೋನ್ಸ್ ಇತ್ತು. 14ನೇ ವಯಸ್ಸಿನಲ್ಲಿ ಒಂದು ಅಂಗಡಿಯಲ್ಲಿ ತಡೆಯಲಾಗದೆ ಕೆಲಸಗಾರರ ಟಾಯ್ಲೆಟ್ ಕೇಳಿದಳು. ಕೊಡಲಿಲ್ಲ. ಆ ಅವಮಾನವನ್ನು ಅವಳು ನುಂಗಿಕೊಳ್ಳಲಿಲ್ಲ, ತಾಯಿ ಜೊತೆ ಶಾಸಕರ ಹತ್ತಿರ ಹೋದಳು. 2005ರಲ್ಲಿ ಇಲಿನಾಯ್ ರಾಜ್ಯ ಇಂಥ ಕಾಯಿಲೆ ಇರುವವರಿಗೆ ಅಂಗಡಿಯವರು ಟಾಯ್ಲೆಟ್ ಬಿಟ್ಟುಕೊಡಬೇಕು ಅಂತ ಕಾನೂನು ಮಾಡಿತು. ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. ಅಷ್ಟು ಚಿಕ್ಕ ಹುಡುಗಿ ಅಷ್ಟು ದೊಡ್ಡವರ ಮುಂದೆ ಆ ಮಾತು ಆಡಿದಳಲ್ಲ! ನನಗೆ ಅಮ್ಮನ ಮುಂದೆ ಆಡಲು ಬಾಯಿ ಬರುತ್ತಿರಲಿಲ್ಲ.

ಅಮ್ಮನಿಗೆ ಹೇಳಿದ್ದು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾಗ. ಆ ಮಾತ್ರೆಗೆ ಮುಖ ಊದಿಕೊಳ್ಳುತ್ತದೆ. ವಿಡಿಯೋ ಕಾಲಿನಲ್ಲಿ ನೋಡಿ ಅಮ್ಮನಿಗೆ ಖುಷಿಯೋ ಖುಷಿ. "ಈಗ ಕೆನ್ನೆ ತುಂಬಿದೆ ನೋಡು, ಮೈ ಹಿಡಿದಿದ್ದೀಯ" ಅಂದರು. ಸುಮ್ಮನಿರಲು ಆಗಲಿಲ್ಲ. ಇದು ಮೈ ಹಿಡಿದದ್ದಲ್ಲಮ್ಮ, ಔಷಧಿ ಅಂದೆ. ಕರುಳು, ರಕ್ತ, ರಾತ್ರಿ ಎರಡು ಗಂಟೆ, ಎಲ್ಲವನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಬಾಗಿಲಿನ ಸದ್ದು ನನಗೆ ಕೇಳಿಸ್ತಿತ್ತು ಕಣೋ. ಕೇಳಿದ್ರೆ ನಿನಗೆ ಮುಜುಗರ ಆಗುತ್ತೆ ಅಂತ ಬಿಟ್ಟೆ" ಅಂದರು.

ಈಗ ಎರಡು ವಾರಕ್ಕೊಮ್ಮೆ, ಭಾನುವಾರ, ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಮೇಜಿನ ಮೇಲೆ ಇಡುತ್ತೇನೆ. ತಣ್ಣಗಿದ್ದರೆ ತುಂಬಾ ಉರಿಯುತ್ತದೆ. ಆ ಅರ್ಧ ಗಂಟೆ ಅಮ್ಮನ ಫೋನಿಗೆ. ಮೊದಲು "ಹೇಗಿದ್ದೀಯ" ಅಂತ ಕೇಳಿ ನನ್ನ "ಚೆನ್ನಾಗಿದ್ದೀನಿ"ಗೆ ಒಪ್ಪಿಕೊಳ್ಳುತ್ತಿದ್ದವರು ಈಗ ಬೇರೆ ಪ್ರಶ್ನೆ ಕೇಳುತ್ತಾರೆ. "ಈ ವಾರ ಎಷ್ಟು ಸಲ ಎದ್ದೆ ರಾತ್ರಿ?" ಹೋದ ಭಾನುವಾರ, ಒಂದು ಸಲವೂ ಇಲ್ಲ ಅಂದೆ.