ಹಿಮದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ

ನಿನ್ನೆ ಗುರುವಾರ, ಇಲ್ಲಿ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಊರಿನ ಮನೆಮನೆಯಲ್ಲಿ ಟರ್ಕಿ ಕೋಳಿ ಬೇಯುತ್ತಿದ್ದ ಹೊತ್ತಿನಲ್ಲಿ ನಾನು ಪಕ್ಕದ ಮನೆಯ ಹಿರಿಯರ ಜೊತೆ ಮೊಣಕಾಲುದ್ದದ ಹಿಮದಲ್ಲಿ ಗಾಯಗೊಂಡ ಜಿಂಕೆಯೊಂದರ ಜಾಡು ಹಿಡಿದು ಮೂರು ಗಂಟೆ ನಡೆದೆ. ಅದಕ್ಕೆ ಗುಂಡು ಹೊಡೆದವರು ನಾವಲ್ಲ. ಹೊಡೆದವನು ಅದರ ಹಿಂದೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆ ಸಿಟ್ಟು ರಾತ್ರಿಯೆಲ್ಲ ನಿದ್ದೆ ಮಾಡಗೊಡದ ಕಾರಣ ಬೆಳಗಾಗುತ್ತಲೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯಿಂದ ಜಿಂಕೆ ಹೊಡೆಯುವ ಮುಖ್ಯ ಋತು ಒಂಬತ್ತೇ ದಿನದ್ದು. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಅದು ಆರಂಭವಾಗುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಪಡೆದು ಕಾಡಿಗೆ ಹೊರಡುತ್ತಾರೆ. ನಮ್ಮ ವಾಸಾ ಊರಿನ ಸುತ್ತಮುತ್ತ ಮೂರು ತಲೆಮಾರಿನವರು ಒಂದೇ ಟ್ರಕ್ಕಿನಲ್ಲಿ ಹೋಗುವುದನ್ನೂ, ಆಗ್ನೇಯ ಏಷ್ಯಾದಿಂದ ಬಂದು ಇಲ್ಲಿ ನೆಲೆಸಿರುವ ಹ್ಮಾಂಗ್ ಕುಟುಂಬಗಳು ಅಣ್ಣತಮ್ಮಂದಿರೆಲ್ಲ ಸೇರಿ ಹೋಗುವುದನ್ನೂ ನಾನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಹೇಳುತ್ತಿದ್ದ ಮರಸು ಕೂರುವ, ಎಂದರೆ ಮರೆಯಲ್ಲಿ ಕುಳಿತು ಮೃಗಕ್ಕೆ ಕಾಯುವ ಕಥೆಗಳನ್ನು ಕೇಳಿ ಬೆಳೆದ ನನಗೆ ಇದು ಪೂರ್ತಿ ಪರದೇಶದ ಸಂಗತಿ ಎಂದು ಎಂದೂ ಅನಿಸಿದ್ದಿಲ್ಲ. ಅಜ್ಜನ ಬೇಟೆಯೆಲ್ಲ 1972ರ ವನ್ಯಜೀವಿ ಕಾಯ್ದೆ ಬರುವುದಕ್ಕೆ ಮೊದಲಿನದು. ಆಮೇಲೆ ಅವರ ಕೋವಿ ಅಟ್ಟದ ಮೇಲೆಯೇ ಉಳಿಯಿತು.

ಬುಧವಾರ ಇಡೀ ದಿನ ಬೀಸಿದ ಹಿಮಗಾಳಿ ನಡುರಾತ್ರಿಯ ಹೊತ್ತಿಗೆ ನಿಂತಿತು. ಇಂಥ ಬೆಳಗಿಗಾಗಿ ಬೇಟೆಗಾರರು ಕಾದಿರುತ್ತಾರೆ, ಏಕೆಂದರೆ ಗಾಳಿ ಬೀಸುವಷ್ಟು ಹೊತ್ತು ಜಿಂಕೆಗಳು ಜೌಗು ನೆಲದ ಸೀಡರ್ ಮತ್ತು ಹೆಮ್‌ಲಾಕ್ ಮರಗಳ ದಟ್ಟಣೆಯಲ್ಲಿ ಮಲಗಿದ್ದು, ಗಾಳಿ ನಿಂತ ಮೇಲೆ ಹಸಿದು ಹೊರಬರುತ್ತವೆ. ಹಿರಿಯರು ಮೂವತ್ತೆಂಟು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಅವರದೊಂದು ನಲವತ್ತು ಎಕರೆ ಕಾಡಿದೆ. ಆರೂವರೆಗೆ ಮುಂಚೆಯೇ ನಾವಿಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ತೊಟ್ಟು ಅಟ್ಟಣೆ ಏರಿ ಕುಳಿತಿದ್ದೆವು. ಕೋವಿ ಅವರದು. ನಾನು ಬರಿಗೈಯಲ್ಲಿದ್ದೆ, ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಹೊಸ ಹಿಮ ಎಲ್ಲ ಸದ್ದನ್ನೂ ನುಂಗಿಬಿಟ್ಟಿತ್ತು. ಬೆಳಕು ಹರಿಯುವ ಹೊತ್ತಿಗೆ ಎರಡು ಮರಿ ಜಿಂಕೆಗಳು ನಮ್ಮ ಅಟ್ಟಣೆಯ ಕೆಳಗೇ ಹಾದುಹೋದವು. ಅವುಗಳ ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ನಿಂತಿತ್ತು, ಚಳಿಗಾಲದ ಅವುಗಳ ರೋಮ ಒಳಗೆ ಪೊಳ್ಳಾಗಿದ್ದು ಮೈಯ ಬಿಸಿಯನ್ನು ಅಷ್ಟು ಚೆನ್ನಾಗಿ ಹಿಡಿದಿಡುತ್ತದೆ. ಹಿರಿಯರು ಕೋವಿ ಎತ್ತಲಿಲ್ಲ. ನಾವು ಉಸಿರು ಬಿಗಿಹಿಡಿದು ನೋಡುತ್ತ ಕುಳಿತೆವು.

ಎಂಟು ಗಂಟೆಯ ಸುಮಾರಿಗೆ ಪಶ್ಚಿಮದ ಬೇಲಿಯಾಚೆಯಿಂದ ಒಂದರ ಬೆನ್ನಿಗೆ ಒಂದು ಮೂರು ಈಡಿನ ಸದ್ದು ಬಂತು. ಒಂದು ಸದ್ದಾದರೆ ಜಿಂಕೆ ಬಿತ್ತು, ಎರಡಾದರೆ ಬಿದ್ದಿರಬಹುದು, ಮೂರಾದರೆ ಬಿದ್ದಿಲ್ಲ ಎನ್ನುವುದು ಇಲ್ಲಿಯ ಹಳೆಯ ಬೇಟೆಗಾರರ ಮಾತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹೆಣ್ಣು ಜಿಂಕೆಯೊಂದು ಬೇಲಿಯ ಸಂದಿನಿಂದ ಈಚೆ ಬಂತು. ಹಿಂದಿನ ಎಡಗಾಲು ಜೋತಾಡುತ್ತಿತ್ತು. ಬಿಳಿಬಾಲದ ಜಿಂಕೆ ಹೆದರಿ ಓಡುವಾಗ ಬಾಲವನ್ನು ಬಾವುಟದಂತೆ ಮೇಲೆತ್ತುತ್ತದೆ, ಆದರೆ ಇದು ಬಾಲವನ್ನು ಮೈಗೆ ಒತ್ತಿಕೊಂಡು ತಲೆ ತಗ್ಗಿಸಿ ನಡೆಯುತ್ತಿತ್ತು. ನಡುವೆ ಪೊದೆ ಅಡ್ಡವಿದ್ದುದರಿಂದ ಹಿರಿಯರಿಗೆ ಗುರಿ ಸಿಗಲಿಲ್ಲ. ಅದು ಜೌಗಿನ ಕಡೆಗೆ ಇಳಿದು ಮರೆಯಾಯಿತು.

ಹೊಡೆದವನು ಈಗ ಬರುತ್ತಾನೆ ಎಂದು ಕಾದೆವು. ಅರ್ಧ ಗಂಟೆ ಕಾಯುವುದು ಬೇಟೆಯ ನಿಯಮವೇ, ಕೂಡಲೇ ಬೆನ್ನು ಹತ್ತಿದರೆ ಗಾಯಗೊಂಡ ಮೃಗ ಇನ್ನಷ್ಟು ದೂರ ಓಡುತ್ತದೆ. ಒಂದು ಗಂಟೆಯಾಯಿತು, ಯಾರೂ ಬರಲಿಲ್ಲ. ಅಷ್ಟರಲ್ಲಿ ಆಚೆಯಿಂದ ಟ್ರಕ್ಕೊಂದು ಹೊರಟುಹೋದ ಸದ್ದು ಕೇಳಿತು. ನಾವು ಅಟ್ಟಣೆಯಿಂದ ಇಳಿದು ರಕ್ತದ ಜಾಡನ್ನು ಹಿಂದಕ್ಕೆ ಹಿಡಿದು ಬೇಲಿಯವರೆಗೆ ಹೋದೆವು. ಬೇಲಿಯ ಆಚೆ ಇದ್ದುದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಜಿಂಕೆ ನಿಂತಿದ್ದ ಜಾಗ, ಅಲ್ಲಿ ಚೆದುರಿದ ಕಂದು ರೋಮ, ಕೆಂಪು ಚುಕ್ಕೆಗಳು, ಅಲ್ಲಿಂದ ಎಂಬತ್ತು ಗಜ ದೂರದಲ್ಲಿ ಒಂದು ಅಟ್ಟಣೆ. ಅಟ್ಟಣೆಯ ಏಣಿಯ ಬುಡದಿಂದ ಹೊರಟ ಬೂಟಿನ ಗುರುತುಗಳು ನೇರವಾಗಿ ಟ್ರಕ್ಕಿನ ದಾರಿಗೆ ಹೋಗಿದ್ದವು. ಜಿಂಕೆ ನಿಂತಿದ್ದ ಕಡೆಗೆ ಒಂದು ಹೆಜ್ಜೆಯೂ ಇರಲಿಲ್ಲ. ಒಂದಡಿ ಹೊಸ ಹಿಮ ಬಿದ್ದ ನೆಲ ಅದು, ಅಲ್ಲಿ ಇಲಿ ಓಡಿದರೂ ಗುರುತು ಉಳಿಯುತ್ತದೆ.

ಬರಿಯ ಎಂಬತ್ತು ಗಜ! ಮೂರು ಸಲ ಕೋವಿಯ ಕುದುರೆ ಎಳೆದ ಮನುಷ್ಯನಿಗೆ ಎಂಬತ್ತು ಗಜ ನಡೆದು ನೆಲ ನೋಡಲು ಆಗಲಿಲ್ಲ. ಗುರಿ ತಪ್ಪುವುದು ಯಾರಿಗಾದರೂ ಆಗುತ್ತದೆ, ಕೈ ನಡುಗುತ್ತದೆ, ಜಿಂಕೆ ಕೊನೆಯ ಗಳಿಗೆಯಲ್ಲಿ ಹೆಜ್ಜೆ ಮುಂದಿಡುತ್ತದೆ. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಹೋಗಿ ನೋಡದೆ ಇರುವುದನ್ನು ಮಾತ್ರ ಕ್ಷಮಿಸಲಾರೆ. ಹಿಮವಿಲ್ಲದ ದಿನ ಒಣಗಿದ ಎಲೆಗಳ ನಡುವೆ ಒಂದು ಹನಿ ರಕ್ತಕ್ಕಾಗಿ ಮೊಣಕಾಲೂರಿ ಹುಡುಕಬೇಕು. ಹಿಮ ಬಿದ್ದ ದಿನ ನೆಲವೇ ಎಲ್ಲವನ್ನೂ ಬರೆದಿಟ್ಟಿರುತ್ತದೆ. ನೊರೆಗಟ್ಟಿದ ತಿಳಿ ಕೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಿಟ್ಟ ಕೆಂಪಾಗಿದ್ದರೆ ಯಕೃತ್ತು, ಕೆಲವು ಗಂಟೆ ಕಾಯಬೇಕು. ರಕ್ತದ ಜೊತೆ ಹಸಿರು ಬಣ್ಣದ ಮೇವಿನ ತುಣುಕುಗಳಿದ್ದರೆ ಹೊಟ್ಟೆಗೆ ತಗುಲಿದೆ, ಆರೆಂಟು ಗಂಟೆಯಾದರೂ ಬಿಟ್ಟು ಆಮೇಲೆ ಹೋಗಬೇಕು. ಇದನ್ನೆಲ್ಲ ಪರವಾನಗಿಗೆ ಮುಂಚಿನ ಬೇಟೆ ತರಬೇತಿಯಲ್ಲಿ ನನಗೂ ಕಲಿಸಿದ್ದರು. ಕಲಿತವನು ನೋಡುವುದಕ್ಕೇ ಹೋಗದಿದ್ದರೆ ಆ ಪಾಠದಿಂದ ಏನಾಯಿತು?

ಜಾಡು ಜೌಗಿನೊಳಕ್ಕೆ ಇಳಿದಿತ್ತು. ಎಳೆದುಕೊಂಡು ಹೋದ ಕಾಲು ಹಿಮದಲ್ಲಿ ಉದ್ದಕ್ಕೂ ಗೆರೆ ಎಳೆದಿತ್ತು. ಮೊದಲು ಧಾರಾಳವಾಗಿದ್ದ ರಕ್ತ ಕಾಲಿನ ಗಾಯದಲ್ಲಿ ಆಗುವಂತೆ ಬರಬರುತ್ತ ಹನಿಯಾಯಿತು. ಅದು ಮಲಗಿ ಎದ್ದ ಮೂರು ಜಾಗಗಳು ಸಿಕ್ಕವು. ಮೈಬಿಸಿಗೆ ಹಿಮ ಅರ್ಧ ಕರಗಿ, ರಕ್ತ ಬೆರೆತು, ಮತ್ತೆ ಗಡ್ಡೆಕಟ್ಟಲು ತೊಡಗಿತ್ತು. ಎಪ್ಪತ್ತೊಂದು ವರ್ಷದ ಹಿರಿಯರು ಎರಡು ಸಲ ಐಸಿನ ಪದರ ಒಡೆದು ಮಂಡಿಯವರೆಗೆ ನೀರಿಗೆ ಇಳಿದರು. ಹಿಂದಿರುಗೋಣವೇ ಎಂದು ನಾನು ಕೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. ಮತ್ತೆ ನಾನು ಕೇಳಲಿಲ್ಲ. ಮನೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಹಬ್ಬದ ಊಟಕ್ಕೆ ಬಂದು ಕುಳಿತಿದ್ದರು. ಹಿರಿಯರು ಹೆಂಡತಿಗೆ ಫೋನು ಮಾಡಿ, ನೀವು ಊಟ ಮಾಡಿ, ನಾನು ಬರುವುದು ಹೊತ್ತಾಗುತ್ತದೆ ಎಂದಷ್ಟೇ ಹೇಳಿದರು.

ಹನ್ನೆರಡೂವರೆಗೆ ಅದು ಸಿಕ್ಕಿತು. ಬಿದ್ದ ಹೆಮ್‌ಲಾಕ್ ಮರವೊಂದರ ಮರೆಯಲ್ಲಿ ಮಲಗಿತ್ತು, ಕಿವಿ ನಮ್ಮ ಕಡೆ ತಿರುಗಿತ್ತು, ಏಳಲು ನೋಡಿತು, ಆಗಲಿಲ್ಲ. ಹಿರಿಯರು ಒಂದೇ ಈಡಿನಲ್ಲಿ ಮುಗಿಸಿದರು. ಆಮೇಲೆ ಟೋಪಿ ತೆಗೆದು ಹಿಮದ ಮೇಲೆ ಸ್ವಲ್ಪ ಹೊತ್ತು ಕುಳಿತರು. ಅದರ ಎಡ ತೊಡೆಯ ಮೂಳೆ ಪೂರ್ತಿ ಪುಡಿಯಾಗಿತ್ತು. ನಾಲ್ಕೂವರೆ ಗಂಟೆ ಅದು ಆ ಕಾಲನ್ನು ಎಳೆದುಕೊಂಡು ತಿರುಗಿದೆ ಎಂಬ ಲೆಕ್ಕ ನನ್ನ ತಲೆಯಿಂದ ಈಗಲೂ ಹೋಗುತ್ತಿಲ್ಲ.

ಗೆಳೆಯರಲ್ಲಿ ಕೆಲವರು, ಕೊಲ್ಲುವುದೇ ತಪ್ಪಾಗಿರುವಾಗ ಕೊಲ್ಲುವ ರೀತಿಯಲ್ಲಿ ಸರಿತಪ್ಪು ಏನು ಎಂದು ಕೇಳುತ್ತೀರಿ ಎಂದು ಬಲ್ಲೆ. ನಿಮ್ಮ ಮಾತಿನ ಮೇಲೆ ನನಗೆ ಗೌರವವಿದೆ, ನನ್ನ ತಾಯಿಯದೂ ಅದೇ ಮಾತು. ಆದರೆ ಬೇಟೆ ನಿಲ್ಲಿಸಿದ ಮಾತ್ರಕ್ಕೆ ಈ ಕಾಡಿನ ಜಿಂಕೆಗಳು ಸುಖವಾಗಿರುವುದಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಇಡೀ ದೇಶದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಇಂದು ಸುಮಾರು 3 ಕೋಟಿ ಇವೆ. ವಿಸ್ಕಾನ್ಸಿನ್‌ನ ಉತ್ತರಕ್ಕೆ ತೋಳಗಳು ಮರಳಿ ಬಂದಿದ್ದರೂ ಇಲ್ಲಿಯ ಜಿಂಕೆಗಳ ಸಂಖ್ಯೆಗೆ ಅವು ಸಾಲವು. ಜಿಂಕೆ ಹೆಚ್ಚಾದ ಕಾಡಿನಲ್ಲಿ ಹೆಮ್‌ಲಾಕ್ ಸಸಿಗಳು ಮೇಲೇಳುವುದೇ ಇಲ್ಲ, ಚಳಿಗಾಲ ಬಿಗಿಯಾದರೆ ಜಿಂಕೆಗಳು ಹಸಿವಿನಿಂದ ಸಾಯುತ್ತವೆ. 1940ರ ದಶಕದಲ್ಲಿ ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ಇದೇ ರಾಜ್ಯದ ಸಂರಕ್ಷಣಾ ಆಯೋಗದಲ್ಲಿ ಕುಳಿತು ಹೆಣ್ಣು ಜಿಂಕೆಗಳನ್ನೂ ಸೇರಿಸಿ ಹಿಂಡನ್ನು ತಗ್ಗಿಸಬೇಕೆಂದು ವಾದಿಸಿ ಜನರ ಬೈಗುಳ ತಿಂದರು. ಬೇಟೆ ಬೇಕೇ ಬೇಡವೇ ಎನ್ನುವುದು ಬೇರೆಯೇ ಮಾತು. ಬೇಕು ಎಂದು ಕೋವಿ ಎತ್ತಿದವನ ಹೊಣೆ ಕುದುರೆ ಎಳೆಯುವುದರಲ್ಲಿ ಮುಗಿಯುವುದಿಲ್ಲ ಎನ್ನುವುದಷ್ಟೇ ನಾನು ಹೇಳುತ್ತಿರುವುದು.

ಬಿಟ್ಟುಬಂದರೂ ವ್ಯರ್ಥವಾಗುವುದಿಲ್ಲ, ಕೊಯೋಟಿ ಎಂಬ ಇಲ್ಲಿಯ ಸಣ್ಣ ತೋಳ, ಕಾಗೆ, ಹದ್ದು ತಿನ್ನುತ್ತವೆ ಎನ್ನುವ ಮಾತನ್ನೂ ಇಲ್ಲಿ ಬಹಳ ಸಲ ಕೇಳಿದ್ದೇನೆ. ತಿನ್ನುತ್ತವೆ, ನಿಜ. ಕೊಯೋಟಿಯ ಹೊಟ್ಟೆ ತುಂಬಿತೆಂದು ಜಿಂಕೆಯ ನಾಲ್ಕೂವರೆ ಗಂಟೆಯ ನೋವು ಕಡಿಮೆಯಾಗುತ್ತದೆಯೇ? ಇನ್ನು ಬೇಲಿ ದಾಟುವಂತಿಲ್ಲ ಎನ್ನುವ ನೆಪ. ಒಪ್ಪಿಗೆಯಿಲ್ಲದೆ ಬೇರೆಯವರ ಜಮೀನಿಗೆ ಕಾಲಿಡಬಾರದೆಂಬ ಕಾನೂನು ಇಲ್ಲಿ ಇದೆ, ಇರಬೇಕಾದದ್ದೇ. ಆದರೆ ಆ ಮನುಷ್ಯ ಬೇಲಿಯವರೆಗೂ ಬಂದಿರಲಿಲ್ಲ. ಬಂದು ಕೂಗಿದ್ದರೆ ನಾವೇ ಓಗೊಡುತ್ತಿದ್ದೆವು. ಪಟ್ಟಿ ಕಟ್ಟಿದ ನಾಯಿಯಿಂದ ಜಾಡು ಹಿಡಿಸಲು ಈ ರಾಜ್ಯದಲ್ಲಿ ಅವಕಾಶವಿದೆ, ಕರೆದರೆ ನಾಯಿಯನ್ನು ಹಿಡಿದು ರಾತ್ರಿಯಲ್ಲೂ ಬರುವವರಿದ್ದಾರೆ. ಹೊಡೆದ ಪ್ರಾಣಿಯನ್ನು ಹುಡುಕಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕೆಂದು ಹಲವು ರಾಜ್ಯಗಳ ಕಾನೂನೇ ಹೇಳುತ್ತದೆ. ನನ್ನ ಅಜ್ಜನಿಗೆ ಯಾವ ಕಾನೂನೂ ಅದನ್ನು ಹೇಳಿರಲಿಲ್ಲ. ಈಡು ತಗುಲಿದ ಕಡವೆಯೊಂದರ ಹಿಂದೆ ಎರಡು ಹಗಲು ಅಲೆದದ್ದನ್ನು ಅವರು ಹೇಳುವಾಗ ಅದರಲ್ಲಿ ಹೆಮ್ಮೆಯ ಸ್ವರವೇ ಇರುತ್ತಿರಲಿಲ್ಲ.

ಇಷ್ಟು ಕಟುವಾಗಿ ಬರೆಯುವ ಅಧಿಕಾರ ನನಗೆ ಇದೆಯೇ ಎಂಬುದನ್ನು ರಾತ್ರಿಯೆಲ್ಲ ಕೇಳಿಕೊಂಡಿದ್ದೇನೆ. ಈವರೆಗೆ ಹೆಂಡತಿಗೂ ಪೂರ್ತಿ ಹೇಳದ ಸಂಗತಿಯೊಂದಿದೆ. ಮೂರು ವರ್ಷದ ಹಿಂದೆ, ಇದೇ ವಾರ, ಇದೇ ಕಾಡಿನಲ್ಲಿ, ಕತ್ತಲಾಗುವ ಮುನ್ನ ನಾನೊಂದು ಹೆಣ್ಣು ಜಿಂಕೆಗೆ ಗುಂಡು ಹೊಡೆದೆ. ಹೋಗಿ ನೋಡಿದೆ. ಬಿಳಿ ರೋಮ, ನಾಲ್ಕಾರು ಹನಿ ರಕ್ತ, ಅದರಲ್ಲಿ ಹಸಿರು. ಹೊಟ್ಟೆಗೆ ತಗುಲಿದೆ ಎಂದು ತಿಳಿಯಿತು. ರಾತ್ರಿ ಬಿಟ್ಟು ಬೆಳಿಗ್ಗೆ ಹುಡುಕುವುದು ಸರಿಯಾದ ಕ್ರಮವೇ ಆಗಿತ್ತು. ಮನೆಯಲ್ಲಿ ಮ್ಯಾಡಿಸನ್‌ನಿಂದ ಬಂದ ನೆಂಟರಿದ್ದರು. ರಾತ್ರಿ ಹಿಮ ಬಿದ್ದು ಬೆಳಗಿನ ಹೊತ್ತಿಗೆ ಜಾಡೆಲ್ಲ ಮುಚ್ಚಿಹೋಗಿತ್ತು. ಜಾಡಿಲ್ಲದಿದ್ದರೂ ಆ ಜೌಗನ್ನು ಸಾಲು ಹಿಡಿದು ಜಾಲಾಡಬಹುದಿತ್ತು. ನಾನು ಹೋಗಲಿಲ್ಲ. ಮೇಲೆ ಸವರಿಕೊಂಡು ಹೋಗಿರಬೇಕು, ಬದುಕಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಹಿರಿಯರು ನನ್ನನ್ನು ಕರೆದುಕೊಂಡು ಹೋಗಿ ತೊರೆಯ ಪಕ್ಕದಲ್ಲಿದ್ದ ಮೂಳೆಗಳನ್ನು ತೋರಿಸಿದರು. ನಾನು ಗುಂಡು ಹೊಡೆದ ಜಾಗದಿಂದ ಅದು ಇನ್ನೂರು ಗಜವೂ ಇರಲಿಲ್ಲ. ಅವರು ಒಂದು ಮಾತನ್ನೂ ಆಡಲಿಲ್ಲ. ಆ ಬೇಸಿಗೆಯಲ್ಲಿ ಕೋವಿ ಮಾರಿದೆ.

ಹಾಗಾಗಿ ನಿನ್ನೆ ಬೇಲಿಯಾಚೆ ಕಂಡ ಆ ಬೂಟಿನ ಗುರುತುಗಳು ನನಗೆ ಅಪರಿಚಿತವಲ್ಲ. ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ. ಆದರೂ ಸಿಟ್ಟು ಸರಿಯಾದದ್ದೇ ಎಂದು ನಂಬಿದ್ದೇನೆ.

ಮಾಂಸದಲ್ಲಿ ಅರ್ಧವನ್ನು ಹಿರಿಯರು ಊರಿನ ಆಹಾರ ದಾನ ಕೇಂದ್ರಕ್ಕೆ ಕೊಡುತ್ತಾರೆ. ನಿನ್ನೆ ಸಂಜೆ ಅವರು ಬೇಲಿಯಾಚೆಯ ಮನೆಗೂ ಹೋಗಿದ್ದರು. ಬಾಗಿಲು ತೆರೆದವನು ಇಪ್ಪತ್ತೈದರ ಹುಡುಗ, ತಪ್ಪಿಹೋಯಿತೆಂದುಕೊಂಡೆ ಎಂದನಂತೆ. ಬೆಳಿಗ್ಗೆ ಬಾ, ಜಾಡು ತೋರಿಸುತ್ತೇನೆ ಎಂದು ಇವರು ಹೇಳಿ ಬಂದರಂತೆ. ಈಗ ಇಲ್ಲಿ ಏಳು ಗಂಟೆ, ಅವನ ಟ್ರಕ್ಕು ಹಿರಿಯರ ಅಂಗಳದಲ್ಲಿ ನಿಂತಿದೆ.

ಋತು ಮುಗಿಯಲು ಇನ್ನೂ ಮೂರು ದಿನವಿದೆ. ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ಹುಡುಗರಲ್ಲಿ ನಾಲ್ಕೈದು ಜನ ಈ ವರ್ಷ ಹೊಸದಾಗಿ ಪರವಾನಗಿ ಪಡೆದಿದ್ದೀರಿ. ಗುಂಡು ಹೊಡೆದು ಜಿಂಕೆ ಬೀಳದಿದ್ದರೆ, ಹಿಮ ಸುರಿಯುತ್ತಿದ್ದರೆ, ಒಬ್ಬರೇ ಕಾಡಿಗೆ ಇಳಿಯಲು ಅಂಜಿಕೆಯಾದರೆ ನನಗೆ ಫೋನು ಮಾಡಿ, ಎಷ್ಟು ಹೊತ್ತಿನಲ್ಲಾದರೂ ಬರುತ್ತೇನೆ. ನನ್ನ ಬಳಿ ಎರಡು ಹೆಡ್‌ಲ್ಯಾಂಪ್ ಇವೆ.